130 ವೋಲ್ಟಿನ ನಿಯತ್ತು

ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಒಳಗಿನ ಯಾವ ಅಡ್ಡರಸ್ತೆಗೆ ಹೊಕ್ಕರೂ, ಯಾವುದೋ ಒಂದು ಶೆಡ್ಡಿನಿಂದ ನೀಲಿ ಬೆಳಕು ಚಿಮ್ಮುವುದು ಕಾಣುತ್ತೆ. ವೆಲ್ಡಿಂಗ್ ಇರಬೇಕು ಅಂದುಕೊಂಡು ನಾವು ಕಣ್ಣು ತಿರುಗಿಸಿ ಮುಂದೆ ಹೋಗ್ತೀವಿ. ಅದು ಒಂದೇ ಸಮನೆ, ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತಿದ್ದರೆ ಬಹುಶಃ ವೆಲ್ಡಿಂಗ್ ಅಲ್ಲ, ಪ್ಲಾಸ್ಮಾ ಕಟಿಂಗ್. ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟನ್ನು ಒಂದು ಟಾರ್ಚು ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತಾ ಹೋಗುತ್ತೆ. ಟಾರ್ಚು ಪ್ಲೇಟಿಗೆ ತಾಗುವುದಿಲ್ಲ. ಸುಮಾರು ಒಂದೂವರೆ ಮಿಲಿಮೀಟರ್ ಮೇಲೆ ತೇಲುತ್ತಾ ಇರುತ್ತೆ. ಎರಡು ಎಟಿಎಂ ಕಾರ್ಡ್ ಒಂದರ ಮೇಲೊಂದು ಇಟ್ಟಷ್ಟು ಸಂದು. ಆ ಸಂದು ಕಾಯುವುದೇ ಈ ಕೆಲಸದ ಅರ್ಧ ವಿದ್ಯೆ.

ಈ ಸಂದಿನ ವಿಷಯವನ್ನೇ ನಾನು ಒಂದು ವರ್ಷದಿಂದ ತಲೆಯಲ್ಲಿ ಹೊತ್ತು ತಿರುಗುತ್ತಿದ್ದೀನಿ. ನನ್ನ ಕೆಲಸ ಸಾಫ್ಟ್‌ವೇರು. ಉಕ್ಕಿಗೂ ನನಗೂ ಇರುವ ಸಂಬಂಧ ಇಷ್ಟೇ: ಸೋದರಮಾವನದು ಪೀಣ್ಯದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ, ತಿಂಗಳಿಗೆ ಒಂದೆರಡು ಶನಿವಾರ ಹೋಗಿ ಜಿಎಸ್‌ಟಿ ಬಿಲ್ಲುಗಳನ್ನು ಹೊಂದಿಸಿ ಕೊಡ್ತೀನಿ. ಬಿಲ್ಲಿನ ಕೆಲಸ ಅರ್ಧ ಗಂಟೆ, ಮಷೀನಿನ ಮುಂದೆ ನಿಲ್ಲೋದು ಎರಡು ಗಂಟೆ.

ಟಾರ್ಚು ಪ್ಲೇಟಿನಿಂದ ಎಷ್ಟು ಎತ್ತರದಲ್ಲಿದೆ ಅಂತ ಮಷೀನಿಗೆ ಹೇಗೆ ಗೊತ್ತಾಗಬೇಕು? ಸ್ಕೇಲು ಇಟ್ಟು ಅಳೆಯೋಕೆ ಆಗಲ್ಲ. ಅಲ್ಲಿ 20,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜ್ವಾಲೆ ಇದೆ. ಸೂರ್ಯನ ಮೇಲ್ಮೈಯೇ 5,500 ಡಿಗ್ರಿ. ಹೊಗೆ, ಕಿಡಿ, ಕರಗಿ ಹಾರುವ ಕಬ್ಬಿಣ. ಪ್ಲೇಟು ಸುಮ್ಮನೆ ಚಪ್ಪಟೆಯಾಗಿ ಮಲಗಿರುತ್ತೆ ಅಂತಲೂ ಇಲ್ಲ, ಬಿಸಿಯಾದ ಹಾಗೆ ಹಪ್ಪಳದ ಥರ ಅಂಚು ಎತ್ತುತ್ತೆ, ನಡು ತಗ್ಗುತ್ತೆ. ಎತ್ತರವನ್ನು ನೇರವಾಗಿ ನೋಡೋಕೆ ದಾರಿಯಿಲ್ಲ. ಅದಕ್ಕೆ ಎಂಜಿನಿಯರುಗಳು ಒಂದು ಅಡ್ಡದಾರಿ ಹುಡುಕಿಕೊಂಡರು. ಟಾರ್ಚಿನೊಳಗಿನ ಎಲೆಕ್ಟ್ರೋಡಿನಿಂದ ಪ್ಲೇಟಿನವರೆಗೆ ಹರಿಯುವ ಆರ್ಕ್ ಇದೆಯಲ್ಲ, ಅದು ಉದ್ದವಾದರೆ ವೋಲ್ಟೇಜು ಏರುತ್ತೆ, ಗಿಡ್ಡವಾದರೆ ಇಳಿಯುತ್ತೆ. ಕರೆಂಟನ್ನು ಪವರ್ ಸೋರ್ಸ್ ಒಂದೇ ಮಟ್ಟದಲ್ಲಿ ಹಿಡಿದಿಟ್ಟಿರುವುದರಿಂದ ಉದ್ದದ ವ್ಯತ್ಯಾಸ ವೋಲ್ಟೇಜಿನಲ್ಲಿ ಕಾಣುತ್ತೆ. ಸ್ಥೂಲವಾಗಿ 5 ವೋಲ್ಟಿಗೆ ಅರ್ಧ ಮಿಲಿಮೀಟರ್ ಅಂತ ಇಟ್ಟುಕೊಳ್ಳಬಹುದು. ಈಗ ಮಷೀನಿಗೆ '130 ವೋಲ್ಟು ಕಾಯ್ದುಕೋ' ಅಂತ ಹೇಳಿದರೆ ಸಾಕು. 132 ತೋರಿಸಿದರೆ ಟಾರ್ಚು ತುಸು ಇಳಿಯುತ್ತೆ, 128 ತೋರಿಸಿದರೆ ತುಸು ಏರುತ್ತೆ. ಪ್ಲೇಟು ಡೊಂಕಾದಂತೆಲ್ಲ ಟಾರ್ಚೂ ಅದರ ಬೆನ್ನು ಸವರಿಕೊಂಡು ಹೋಗುತ್ತೆ. ಮೊದಲ ಸಲ ನೋಡಿದಾಗ ನಾನು ನಿಜಕ್ಕೂ ಬೆರಗಾಗಿದ್ದೆ.

ಪ್ಲಾಸ್ಮಾದಿಂದ ಕತ್ತರಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯಲ್ಲಿದ್ದ ರಾಬರ್ಟ್ ಗೇಜ್‌ಗೆ ಇದರ ಪೇಟೆಂಟ್ ಸಿಕ್ಕಿದ್ದು 1957ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು, ಈಗಲೂ ಎಲ್ಲ ಕಡೆ ಇರೋದು, ಗ್ಯಾಸ್ ಕಟಿಂಗ್. ಮಾವ ಶುರು ಮಾಡಿದ್ದೂ ಅದರಲ್ಲೇ. ಕೈಯಲ್ಲಿ ಟಾರ್ಚು ಹಿಡಿದು, ಸೀಮೆಸುಣ್ಣದ ಗೆರೆಯ ಮೇಲೆ ಉಸಿರು ಬಿಗಿಹಿಡಿದು ಎಳೆಯೋದು. ಆಗ ಎತ್ತರ ಕಾಯುತ್ತಿದ್ದದ್ದು ಮಣಿಕಟ್ಟು. "ಬೆಳಗ್ಗೆ ಕತ್ತರಿಸಿದ ಪೀಸಿಗೂ ಮಧ್ಯಾಹ್ನ ಊಟ ಆದ್ಮೇಲೆ ಕತ್ತರಿಸಿದ ಪೀಸಿಗೂ ವ್ಯತ್ಯಾಸ ಕಣ್ಣಿಗೇ ಹೊಡೀತಿತ್ತು ಕಣೋ" ಅಂತಾರೆ ಮಾವ. ಅಂದ್ರೆ ವೋಲ್ಟೇಜು ಬಂದದ್ದು ಮನುಷ್ಯನ ಸುಸ್ತಿಗೆ ಪರಿಹಾರವಾಗಿ. ಈ ಸಂಖ್ಯೆಯನ್ನು ಬೈಯೋಕೆ ನಾನು ಕೂತಿಲ್ಲ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ.

ತೊಂದರೆ ಇರೋದು ಟಾರ್ಚಿನ ಒಳಗೆ. ಎಲೆಕ್ಟ್ರೋಡು ಅಂದ್ರೆ ಹೆಬ್ಬೆರಳಷ್ಟು ತಾಮ್ರದ ತುಂಡು. ಅದರ ತುದಿಯಲ್ಲಿ ಹಫ್ನಿಯಂ ಅನ್ನುವ ಲೋಹದ ಸಣ್ಣ ಬೊಟ್ಟು. (1923ರಲ್ಲಿ ಕೋಪನ್‌ಹೇಗನ್‌ನಲ್ಲಿ ಪತ್ತೆಯಾದದ್ದಕ್ಕೆ ಆ ಊರಿನ ಲ್ಯಾಟಿನ್ ಹೆಸರನ್ನೇ ಇದಕ್ಕಿಟ್ಟರು. ಪೀಣ್ಯದ ಧೂಳಿನಲ್ಲಿ ಕೂತು ಕೋಪನ್‌ಹೇಗನ್ ಸವೆಸುತ್ತಿದ್ದೀವಿ ಅಂತ ನಾನು ಒಮ್ಮೆ ಅಂದಾಗ ಯಾರೂ ನಗಲಿಲ್ಲ.) ಆರ್ಕ್ ಹುಟ್ಟುವುದು ಆ ಬೊಟ್ಟಿನಿಂದ. ಪ್ರತಿ ಸಲ ಹೊತ್ತಿಸಿದಾಗ, ಪ್ರತಿ ಸಲ ಆರಿಸಿದಾಗ ಒಂದಿಷ್ಟು ಹಫ್ನಿಯಂ ಹಾರಿಹೋಗುತ್ತೆ. ಬೊಟ್ಟಿನ ಜಾಗದಲ್ಲಿ ಗುಳಿ ಬೀಳುತ್ತೆ. ಗುಳಿ ಸುಮಾರು ಒಂದು ಮಿಲಿಮೀಟರ್ ಆಳ ಆಯ್ತು ಅಂದ್ರೆ ಬದಲಾಯಿಸೋದು ವಾಡಿಕೆ. ಕಂಪ್ರೆಸರ್ ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ, ಮಳೆಗಾಲದಲ್ಲಿ ಇದು ಎಲ್ಲ ಶೆಡ್ಡುಗಳ ಗೋಳು.

ಈಗ ಲೆಕ್ಕ ಹಾಕಿ. ಗುಳಿ ಆಳವಾದಂತೆ ಆರ್ಕ್ ಟಾರ್ಚಿನ ಒಳಗೇ ಅಷ್ಟು ಉದ್ದ ಆಯಿತು. ಟಾರ್ಚು ಇದ್ದಲ್ಲೇ ಇದೆ, ಪ್ಲೇಟು ಇದ್ದಲ್ಲೇ ಇದೆ, ಆದರೂ ವೋಲ್ಟೇಜು ಏರಿತು. ಮಷೀನಿಗೆ ಎಲೆಕ್ಟ್ರೋಡು ಸವೆದದ್ದು ಗೊತ್ತಿಲ್ಲ. 'ಓಹೋ, ನಾನು ಮೇಲೆ ಹೋಗಿದ್ದೀನಿ' ಅಂದುಕೊಂಡು ಕೆಳಗಿಳಿಯುತ್ತೆ. ಡಿಸ್‌ಪ್ಲೇ ಮೇಲೆ 130. ಇನ್ನೂರು ಸಲ ಹೊತ್ತಿಸಿ ಆರಿಸಿದ ಮೇಲೆ ನೋಡಿ, 130. ಇನ್ನೂ ನೂರು ಆದಮೇಲೆ ನೋಡಿ, 130. ಆದರೆ ಟಾರ್ಚು ಒಂದೊಂದೇ ಕೂದಲೆಳೆ ಇಳಿಯುತ್ತಾ ಬಂದಿದೆ. 5 ವೋಲ್ಟಿನಷ್ಟು ವ್ಯತ್ಯಾಸ ಬಂತು ಅಂದ್ರೆ ಒಂದೂವರೆ ಮಿಲಿಮೀಟರ್ ಸಂದಿನಲ್ಲಿ ಅರ್ಧ ಮಿಲಿಮೀಟರ್ ಹೋಯಿತು, ಮೂರರಲ್ಲಿ ಒಂದು ಪಾಲು. ಕತ್ತರಿಸಿದ ಮುಖ ನೆಟ್ಟಗೆ ನಿಲ್ಲದೆ ಓರೆಯಾಗುತ್ತೆ, ನಾಜಲ್ಲು ಬೇಗ ಹಾಳಾಗುತ್ತೆ, ಅಂಚಿನ ಕೆಳಗೆ ಕರಗಿದ ಕಬ್ಬಿಣ ಗಂಟು ಕಟ್ಟುತ್ತೆ. ಸಂಖ್ಯೆ ಮಾತ್ರ ಒಂದಿಷ್ಟೂ ಅಲುಗಿಲ್ಲ.

ಕಂಪನಿಯವರು ಕೊಡುವ ಕಟ್ ಚಾರ್ಟಿನಲ್ಲಿ ಇಷ್ಟು ದಪ್ಪಕ್ಕೆ ಇಷ್ಟು ಆಂಪಿಯರ್, ಇಷ್ಟು ವೇಗ, ಇಷ್ಟು ವೋಲ್ಟು ಅಂತ ನೀಟಾಗಿ ಬರೆದಿರುತ್ತೆ. ಆ ವೋಲ್ಟು ಹೊಸ ಎಲೆಕ್ಟ್ರೋಡಿಗೆ, ಹೊಸ ನಾಜಲ್ಲಿಗೆ. ಅಲ್ಲಿಂದ ಶುರು ಮಾಡಿ ಅಂತ ಅದರ ಅರ್ಥ. ಓದುವವರು ಮಾತ್ರ ಅದನ್ನು ಶಾಸನದ ಥರ ಓದ್ತಾರೆ.

ನಮ್ಮ ಹಳೆಯ ತರ್ಕಶಾಸ್ತ್ರದವರಿಗೆ ಈ ಪೇಚು ಚೆನ್ನಾಗಿ ಗೊತ್ತಿತ್ತು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ಊಹಿಸೋದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹದಿನೇಳನೇ ಶತಮಾನದ ಅನ್ನಂಭಟ್ಟನ 'ತರ್ಕಸಂಗ್ರಹ' ಇದರ ಉಲ್ಟಾವನ್ನೂ ವಿಚಾರಿಸುತ್ತೆ. ಬೆಂಕಿ ಕಂಡರೆ ಹೊಗೆ ಇದೆ ಅಂತ ಊಹಿಸಬಹುದಾ? ಆಗಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ, ಬೆಂಕಿ ಇದೆ, ಹೊಗೆ ಇಲ್ಲ. ಹಾಗಾದರೆ ಬೆಂಕಿಯ ಜೊತೆ ಹೊಗೆ ಯಾವಾಗ ಬರುತ್ತೆ? ಸೌದೆ ಹಸಿಯಾಗಿದ್ದಾಗ. ಈ 'ಹಸಿ ಸೌದೆ'ಯನ್ನು ಅವರು ಉಪಾಧಿ ಅಂತ ಕರೆದರು. ನಾವು ಬಾಯಿಬಿಟ್ಟು ಹೇಳದ, ಹೇಳಬೇಕು ಅಂತ ಹೊಳೆಯದೇ ಇರುವ, ಆದರೆ ಅದಿಲ್ಲದಿದ್ದರೆ ಊಹೆ ಬಿದ್ದುಹೋಗುವ ಷರತ್ತು. ಅಡುಗೆಮನೆಯಲ್ಲಿ ದಿನಾ ಹಸಿ ಸೌದೆ ಉರಿಸುವವನಿಗೆ ಬೆಂಕಿ-ಹೊಗೆ ಯಾವಾಗಲೂ ಜೋಡಿ ಅಂತಲೇ ಅನ್ನಿಸುತ್ತೆ. ಕಮ್ಮಾರನ ಕುಲುಮೆಗೆ ಹೋದ ದಿನ ಗೊತ್ತಾಗುತ್ತೆ.

130 ವೋಲ್ಟು ಇದ್ದರೆ ಒಂದೂವರೆ ಮಿಲಿಮೀಟರ್ ಇದೆ ಅನ್ನುವ ಊಹೆಗೂ ಇಂಥ ಉಪಾಧಿಗಳಿವೆ. ಎಲೆಕ್ಟ್ರೋಡು ಹೊಸದಾಗಿರಬೇಕು, ಗಾಳಿಯ ಒತ್ತಡ ಸರಿ ಇರಬೇಕು, ಟಾರ್ಚು ಹೇಳಿದ ವೇಗದಲ್ಲೇ ಓಡುತ್ತಿರಬೇಕು. ಇವೆಲ್ಲ ಇರುವವರೆಗೆ ವೋಲ್ಟು ಅಂದ್ರೆ ಎತ್ತರವೇ. ಒಂದು ಸರಿದರೂ ಅದು ಬರೀ ವೋಲ್ಟು.

ಕಳೆದ ವರ್ಷ ಶೆಡ್ಡಿಗೆ ಒಂದು ಆರ್ಡರ್ ಬಂತು, 12 ಮಿಲಿಮೀಟರ್ ಬೇಸ್ ಪ್ಲೇಟುಗಳು, ಪ್ರತಿಯೊಂದರಲ್ಲೂ ನಾಲ್ಕು ತೂತು. ಕಂಬದ ಬುಡಕ್ಕೆ ಬೋಲ್ಟು ಹಾಕಿ ಕೂರಿಸುವಂಥವು. ಆಪರೇಟರ್ ತುಮಕೂರು ಕಡೆಯವರು, ಐಟಿಐ ಮಾಡಿಕೊಂಡವರು, ಮಾವನ ಜೊತೆ ಹದಿನೈದು ವರ್ಷದಿಂದ ಇದ್ದಾರೆ. ಸೂಪರ್‌ವೈಸರ್ ಡಿಪ್ಲೊಮಾ ಮುಗಿಸಿದ ಹುಡುಗ, ಚುರುಕು, ಎಲ್ಲವನ್ನೂ ಎಕ್ಸೆಲ್‌ನಲ್ಲಿ ಬರೆದಿಡುವವನು. ಮೂರನೇ ದಿನವೇ ಆಪರೇಟರ್ ಹೇಳಿದರಂತೆ: "ಸಾರ್, ಸೌಂಡು ಸರಿ ಇಲ್ಲ. ಟಾರ್ಚು ಕೂತ್ಕೊಂಡ್ಬಿಟ್ಟಿದೆ. ಒಂದು ನಾಲ್ಕೈದು ವೋಲ್ಟು ಏರಿಸ್ಲಾ?"

"ಅಣ್ಣ, ಚಾರ್ಟ್ ಪ್ರಕಾರಾನೇ ಇದೆ. ಡಿಸ್‌ಪ್ಲೇ ನೋಡಿ, ಸ್ವಲ್ಪಾನೂ ಅಲ್ಲಾಡ್ತಿಲ್ಲ. ಸೆಟ್ಟಿಂಗ್ ಮುಟ್ಟೋದು ಬೇಡ."

ಸೆಟ್ಟಿಂಗಿಗೆ ಪಾಸ್‌ವರ್ಡ್ ಇತ್ತು. ಮುಟ್ಟಲಿಲ್ಲ. ವಾರ ಕಳೆದ ಮೇಲೆ ಮಾಲು ತಗೊಂಡವರ ಕಡೆಯಿಂದ ಫೋನ್: ಅಂಚು ಓರೆ, ತೂತು ಕೆಳಗೆ ಹೋದ ಹಾಗೆ ಬೇರೆ ಸೈಜು, ಬೋಲ್ಟು ಕೂರುತ್ತಿಲ್ಲ. ಎರಡು ಟೆಂಪೋ ಮಾಲು ವಾಪಸ್ಸು.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ನೋಡಿದೆ. ಶೆಡ್ಡಿನ ಹಿಂಬದಿಯಲ್ಲಿ ಒರಿಸ್ಸಾದಿಂದ ಬಂದ ಹುಡುಗನೊಬ್ಬ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ಕುಕ್ಕರುಗಾಲಲ್ಲಿ ಕೂತು ಗ್ರೈಂಡರಿನಲ್ಲಿ ಒಂದೊಂದೇ ಪ್ಲೇಟಿನ ಅಂಚು ಉಜ್ಜುತ್ತಿದ್ದ. ಮೂರು ರಾತ್ರಿ ಅವನಿಗೆ ಅದೇ ಕೆಲಸ. ಗ್ರೈಂಡರಿನ ಅದುರುವಿಕೆ ಗೊತ್ತಲ್ಲ, ನಿಲ್ಲಿಸಿದ ಮೇಲೂ ಬೆರಳು ಜೋಮು ಹಿಡಿದಿರುತ್ತೆ. ಟೀ ಲೋಟ ಎರಡು ಕೈಯಲ್ಲಿ ಹಿಡ್ಕೊಂಡಿದ್ದ. ಅವನಿಗೆ ಬರುವ ಕನ್ನಡ ಹತ್ತಿಪ್ಪತ್ತು ಪದ. "ಸ್ಲ್ಯಾಗ್ ಜಾಸ್ತಿ ಅಣ್ಣಾ, ಮುಂಚೆ ಇಷ್ಟು ಇಲ್ಲ" ಅಂದ. ಅವನಿಗೆ ಗೊತ್ತಿತ್ತು! ಎತ್ತರ ಇಳಿಯುತ್ತಿರುವುದು ಆಪರೇಟರಿನ ಕಿವಿಗೆ ಗೊತ್ತಾಗುವ ಮುಂಚೆಯೋ ಆಮೇಲೋ, ಅಂತೂ ಅವನ ಮಣಿಕಟ್ಟಿಗೆ ಗೊತ್ತಾಗಿತ್ತು. ಅವನನ್ನು ಕೇಳುವ ಕಾಲಂ ಎಕ್ಸೆಲ್‌ನಲ್ಲಿ ಇರಲಿಲ್ಲ.

ಸೂಪರ್‌ವೈಸರ್ ಮಾಡಿದ್ದು ತಪ್ಪಾ? ಈ ಪ್ರಶ್ನೆ ನೋಡೋಕೆ ಸುಲಭ, ಉತ್ತರ ಅಷ್ಟು ಸುಲಭ ಅಲ್ಲ. ಅವನ ಕಡೆ ನಿಂತು ಯೋಚನೆ ಮಾಡಿ. ಪಾಸ್‌ವರ್ಡ್ ಹಾಕೋಕೆ ಕಾರಣ ಇತ್ತು. ಮೊದಲು ಹಗಲು ಪಾಳಿಯವರು ವೋಲ್ಟು ಏರಿಸೋರು, ರಾತ್ರಿ ಪಾಳಿಯವರು ಇಳಿಸೋರು, ಬೆಳಗ್ಗೆ ಬಂದವರು ರಾತ್ರಿಯವರನ್ನು ಬೈಯೋರು. ಎಲ್ಲರಿಗೂ ಅನುಭವ ಇತ್ತು, ಎಲ್ಲರ ಅನುಭವವೂ ಬೇರೆ ಬೇರೆ ಹೇಳುತ್ತಿತ್ತು. ಅಂಥ ಗೊಂದಲದಲ್ಲಿ 'ಪುಸ್ತಕದಲ್ಲಿ ಇರೋದೇ ಸರಿ, ಯಾರೂ ಮುಟ್ಟಬೇಡಿ' ಅನ್ನೋದು ಒಂದು ರೀತಿಯ ನ್ಯಾಯವೇ. ಯಾರ ದನಿ ದೊಡ್ಡದೋ ಅವರ ಸೆಟ್ಟಿಂಗ್ ನಡೆಯುವುದಕ್ಕಿಂತ ಅದು ಎಷ್ಟೋ ವಾಸಿ. ಕಿವಿ ಮೋಸ ಹೋಗಲ್ಲ ಅಂತಲೂ ಇಲ್ಲ. ಕಂಪ್ರೆಸರ್ ಒತ್ತಡ ಬಿದ್ದಾಗಲೂ ಸದ್ದು ಬದಲಾಗುತ್ತೆ, ಅದನ್ನು ಎತ್ತರದ ತಪ್ಪು ಅಂತ ತಿಳಿದು ವೋಲ್ಟು ತಿರುಗಿಸಿದರೆ ಕೆಲಸ ಇನ್ನೂ ಕೆಡುತ್ತೆ. ಹಳಬರ ಅನುಭವ ದೊಡ್ಡದು, ಯಂತ್ರದ ಸಂಖ್ಯೆ ಸಣ್ಣದು ಅಂತ ಬರೆದುಬಿಟ್ಟರೆ ಈ ಲೇಖನಕ್ಕೆ ಲೈಕು ಜಾಸ್ತಿ ಬರ್ತಾವೆ, ಆದರೆ ಅದು ನಿಜ ಅಲ್ಲ.

ನನಗೆ ಸಿಕ್ಕಿಕೊಂಡದ್ದು ಅವನ ಇನ್ನೊಂದು ಮಾತು. ಮಾವ ಕರೆದು ಕೇಳಿದಾಗ ಅವನು ಪಾಪ, ಪ್ರಾಮಾಣಿಕವಾಗಿಯೇ ಹೇಳಿದ: "ಸಾರ್, ನಾನು ಏನೂ ಚೇಂಜ್ ಮಾಡಿಲ್ಲ."

ನಿಜ. ಅವನು ಏನೂ ಬದಲಾಯಿಸಿಲ್ಲ. ನಾವೆಲ್ಲ ಬೆಳೆದದ್ದೇ ಈ ಮಾತನ್ನು ನಿರ್ದೋಷಿಯ ಮಾತು ಅಂತ ನಂಬಿಕೊಂಡು. ಮಾಡಿದವನ ಮೇಲೆ ತಪ್ಪು, ಮಾಡದವನ ಮೇಲೆ ಏನಿದೆ? ಆದರೆ ಒಳಗೆ ಎಲೆಕ್ಟ್ರೋಡು ಸವೆಯುತ್ತಿರುವ ಯಂತ್ರದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತೆ. ಅಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಅಲುಗದ ಹಾಗೆ ಇಡಬಹುದು. ಸಂಖ್ಯೆಯನ್ನು ಹಿಡಿದಿಟ್ಟರೆ ಸಂದು ಕಿರಿದಾಗುತ್ತೆ. ಸಂದನ್ನು ಹಿಡಿದಿಡಬೇಕು ಅಂದ್ರೆ ಸಂಖ್ಯೆಯನ್ನು ಆಗಾಗ ಏರಿಸುತ್ತಾ ಹೋಗಬೇಕು. ಎರಡೂ ನಿಂತಲ್ಲೇ ನಿಲ್ಲುವ ಮೂರನೇ ದಾರಿ ಇಲ್ಲ. 'ನಾನು ಮುಟ್ಟಿಲ್ಲ' ಅನ್ನುವವನು ಸಂಖ್ಯೆಯನ್ನು ಆರಿಸಿಕೊಂಡಿದ್ದಾನೆ, ಸಂದನ್ನು ಬಿಟ್ಟುಕೊಟ್ಟಿದ್ದಾನೆ. ಆರಿಸಿಕೊಂಡೆ ಅಂತ ಅವನಿಗೇ ಗೊತ್ತಿಲ್ಲದಿರಬಹುದು. ಗೊತ್ತಿಲ್ಲ ಅನ್ನೋದು ಎಷ್ಟು ದಿನದವರೆಗೆ ಸಮಜಾಯಿಷಿ ಆಗುತ್ತೆ ಅನ್ನೋದೇ ನನ್ನ ಪ್ರಶ್ನೆ. ನನ್ನ ಮಟ್ಟಿಗೆ, ಯಾರೋ ಒಬ್ಬರು ಬಂದು 'ಸೌಂಡು ಸರಿ ಇಲ್ಲ' ಅಂತ ಹೇಳಿದ ಕ್ಷಣದವರೆಗೆ. ಅಲ್ಲಿಂದ ಮುಂದೆ, ಹೋಗಿ ನೋಡದೇ ಇರೋದು ಅವನ ಕೆಲಸ.

ನಮ್ಮ ಅಪಾರ್ಟ್‌ಮೆಂಟುಗಳಿಗೆ ಬನ್ನಿ. ಮನೆಕೆಲಸಕ್ಕೆ ಬರುವವರ ಸಂಬಳದ ಮಾತು ಬಂದಾಗ ಲಿಫ್ಟಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಕೇಳಿಬರುವ ಮಾತು: "ನಾವು ಮೂರು ವರ್ಷದಿಂದ ಸರಿಯಾಗಿ ಮೂರು ಸಾವಿರ ಕೊಡ್ತಿದೀವಪ್ಪ, ಒಂದು ತಿಂಗಳೂ ತಪ್ಪಿಸಿಲ್ಲ." ಸುಳ್ಳಲ್ಲ, ಡಿಸ್‌ಪ್ಲೇ ಮೇಲೆ ಮೂರು ಸಾವಿರವೇ ಇದೆ. ಈ ಮೂರು ವರ್ಷದಲ್ಲಿ ಆಕೆಯ ಮನೆ ಬಾಡಿಗೆ, ಗ್ಯಾಸು, ಮಗುವಿನ ಸ್ಕೂಲ್ ವ್ಯಾನು ಎಲ್ಲ ಎಲ್ಲಿಗೆ ಹೋಗಿವೆ ಅಂತ ಯಾರೂ ಬೇರೆ ಹೇಳಬೇಕಾಗಿಲ್ಲ, ನಮ್ಮದೇ ಬಾಡಿಗೆ ಎಷ್ಟಾಗಿದೆ ನೋಡಿಕೊಂಡರೆ ಸಾಕು. ಸಂಬಳ ಅಲುಗಿಲ್ಲ, ಟಾರ್ಚು ಇಳಿದಿದೆ. ತಮಾಷೆ ಏನಂದ್ರೆ ಇದು ಕಾನೂನಿಗೆ ಯಾವತ್ತೋ ಗೊತ್ತಾಗಿದೆ. ಕರ್ನಾಟಕದ ಕನಿಷ್ಠ ವೇತನದಲ್ಲಿ ವ್ಯತ್ಯಾಸವಾಗುವ ತುಟ್ಟಿಭತ್ಯೆ ಅಂತ ಒಂದು ಭಾಗ ಇದೆ. ಬೆಲೆ ಸೂಚ್ಯಂಕ ನೋಡಿಕೊಂಡು ಪ್ರತಿ ಏಪ್ರಿಲ್‌ನಲ್ಲಿ ಅದನ್ನು ಬದಲಾಯಿಸ್ತಾರೆ. ಸಂಬಳದ ಸಂಖ್ಯೆ ಬದಲಾಗದೆ ಸಂಬಳದ ಬೆಲೆ ಉಳಿಯಲ್ಲ ಅನ್ನೋದನ್ನ ಒಪ್ಪಿಕೊಂಡ ಏರ್ಪಾಡು ಅದು. ಸರ್ಕಾರಿ ನೌಕರಿಯಲ್ಲಿದ್ದ ನಮ್ಮ ಅಪ್ಪಂದಿರು ಡಿಎ ಎಷ್ಟು ಪರ್ಸೆಂಟ್ ಏರಿತು ಅಂತ ಪೇಪರ್ ಹುಡುಕಿ ಓದೋರು. ಅವರ ಮಕ್ಕಳು ನಾವು, ನಮ್ಮ ಅಡುಗೆಮನೆಯಲ್ಲಿ ನಿಂತವರಿಗೆ 'ಅದೇ ರೇಟು' ಅಂತೀವಿ.

ಇದನ್ನು ಓದುತ್ತಾ ನಿಮ್ಮಲ್ಲಿ ಕೆಲವರಿಗೆ ಗುಡ್‌ಹಾರ್ಟ್ ನಿಯಮ ನೆನಪಾಗಿರಬಹುದು. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯಲ್ಲ ಅನ್ನೋದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುವಾಗ ಹೇಳಿದ್ದು ಈಗ ಎಲ್ಲ ಆಫೀಸಿನ ಸ್ಲೈಡಿನಲ್ಲೂ ಇದೆ. ನನಗೆ ಅದು ಇಲ್ಲಿಗೆ ಪೂರ್ತಿ ಕೂರಲ್ಲ ಅನ್ಸುತ್ತೆ. ಅಲ್ಲಿ ಜನ ಜಾಣತನ ಮಾಡ್ತಾರೆ, ಟಾರ್ಗೆಟ್ ಮುಟ್ಟೋಕೆ ಅಳತೆಯನ್ನು ಬಗ್ಗಿಸ್ತಾರೆ. ಶೆಡ್ಡಿನಲ್ಲಿ ಯಾರೂ ಮೋಸ ಮಾಡಲಿಲ್ಲ. ಆರ್ಕ್‌ಗೆ ಅಪ್ರೈಸಲ್ ಇಲ್ಲ. ಎಲ್ಲರೂ ನಿಯತ್ತಾಗಿ ಇದ್ದು, ಎಲ್ಲರೂ ಹೇಳಿದ್ದನ್ನೇ ಮಾಡಿ, ಎರಡು ಟೆಂಪೋ ಮಾಲು ವಾಪಸ್ ಬಂತು. ಮೋಸಗಾರರನ್ನು ಹಿಡಿಯೋ ವ್ಯವಸ್ಥೆ ನಮ್ಮ ಆಫೀಸುಗಳಲ್ಲಿ ಬೇಕಾದಷ್ಟಿವೆ. ನಿಯತ್ತಿನಿಂದ ಆಗುವ ಹಾಳನ್ನು ಹಿಡಿಯುವಂಥದ್ದು ನಾನಂತೂ ನೋಡಿಲ್ಲ.

ಯಂತ್ರ ಮಾಡಿದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಅನ್ನೋಕೆ ಒಂದು ಉದಾಹರಣೆ ಕೊಡ್ತೀನಿ. ಪ್ಲೇಟಿನ ಮೂಲೆ ತಿರುಗುವಾಗ ಟಾರ್ಚು ನಿಧಾನ ಮಾಡಲೇಬೇಕು. ನಿಧಾನ ಮಾಡಿದಾಗ ಆರ್ಕ್ ಒಂದೇ ಕಡೆ ಜಾಸ್ತಿ ಹೊತ್ತು ನಿಂತು ಸೀಳು ಅಗಲ ಆಗುತ್ತೆ. ಎದುರಿಗಿದ್ದ ಲೋಹ ದೂರ ಸರಿದಿದ್ದರಿಂದ ಆರ್ಕ್ ಹಿಗ್ಗುತ್ತೆ, ವೋಲ್ಟೇಜು ಏರುತ್ತೆ. ಮಷೀನು ಏನು ಮಾಡುತ್ತೆ? ಮೇಲೆ ಹೋಗಿದ್ದೀನಿ ಅಂದುಕೊಂಡು ದಬಕ್ಕನೆ ಪ್ಲೇಟಿನ ಮೇಲೆ ಇಳಿಯುತ್ತೆ. ಹಿಂದೆ ಕತ್ತರಿಸಿದ ಸೀಳನ್ನು ದಾಟುವಾಗಲೂ ಇದೇ ಕಥೆ: ಕೆಳಗೆ ಲೋಹವೇ ಇಲ್ಲ, ವೋಲ್ಟೇಜು ಹಾರುತ್ತೆ, ಟಾರ್ಚು ತೂತಿನೊಳಗೆ ಮುಗ್ಗರಿಸುತ್ತೆ. ಇದಕ್ಕೆ ಕಂಟ್ರೋಲರಿನಲ್ಲಿ ಒಂದು ವ್ಯವಸ್ಥೆ ಇದೆ. ವೇಗ ಇಷ್ಟಕ್ಕಿಂತ ಕಡಿಮೆ ಆಯ್ತು ಅಂದ್ರೆ ವೋಲ್ಟೇಜಿನ ಮಾತು ಕೇಳಬೇಡ, ಇದ್ದ ಎತ್ತರದಲ್ಲೇ ಇರು, ಮೂಲೆ ದಾಟಿ ವೇಗ ಹಿಡಿದ ಮೇಲೆ ಮತ್ತೆ ಕೇಳು. ಲಾಕ್ ಅಂತಾರೆ. ನನಗೆ ಇದು ತುಂಬಾ ಇಷ್ಟ ಆಯ್ತು. ಅಳತೆಯನ್ನು ನಂಬುವ ಯಂತ್ರಕ್ಕೇ, ಯಾವ ಹೊತ್ತಿನಲ್ಲಿ ಅದನ್ನು ನಂಬಬಾರದು ಅಂತಲೂ ಹೇಳಿಕೊಟ್ಟಿದ್ದಾರೆ. ಹೆರಿಗೆ ರಜೆ ಮುಗಿಸಿ ಬಂದವರ ಆ ವರ್ಷದ ರೇಟಿಂಗು, ಅಪ್ಪ ತೀರಿಕೊಂಡ ತಿಂಗಳಿನ ಟಾರ್ಗೆಟ್ಟು... ಮೂಲೆ ತಿರುಗುತ್ತಿರುವವರನ್ನು ಅದೇ ವೋಲ್ಟೇಜಿನಲ್ಲಿ ಅಳೆದು ಕೆಳಗೆ ಒತ್ತುವ ಎಚ್‌ಆರ್ ಸಾಫ್ಟ್‌ವೇರುಗಳಲ್ಲಿ ಈ ಲಾಕ್ ಬಟನ್ ನಾನು ಹುಡುಕಿದ್ದೀನಿ. ನಾನೇ ಅಂಥ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಕೆಲಸ ಮಾಡಿದ್ದೀನಿ. ಯಾವ ಗಿರಾಕಿಯೂ ಅದನ್ನು ಕೇಳಿರಲಿಲ್ಲ.

ಶೆಡ್ಡಿನಲ್ಲಿ ಮುಂದೆ ಏನಾಯ್ತು ಅಂದ್ರೆ, ನಾಟಕೀಯವಾದದ್ದೇನೂ ಆಗಲಿಲ್ಲ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಕಂಟ್ರೋಲರಿನ ಮೆನುವಿನಲ್ಲಿ ಮೊದಲಿಂದಲೂ ಇದ್ದ, ಯಾರೂ ಬಳಸದ ಒಂದು ಆಯ್ಕೆಯನ್ನು ಸೂಪರ್‌ವೈಸರ್ ಹುಡುಗನೇ ಹುಡುಕಿದ. ಅದರಲ್ಲಿ ಪುಸ್ತಕದ ವೋಲ್ಟು ಹಾಕುವ ಹಾಗಿಲ್ಲ. ಪ್ರತಿ ಸೀಳು ಶುರು ಮಾಡುವ ಮುಂಚೆ ಟಾರ್ಚಿನ ತುದಿ ಇಳಿದು ಪ್ಲೇಟನ್ನು ಮುಟ್ಟುತ್ತೆ. ಮುಟ್ಟಿದ್ದು ವಿದ್ಯುತ್ ಸಂಪರ್ಕದಿಂದ ಗೊತ್ತಾಗುತ್ತೆ. ಅಲ್ಲಿಂದ ಮೇಲೆದ್ದು, ತೂತು ಹೊಡೆದು, ಅಳೆದ ಹಾಗೆ ಒಂದೂವರೆ ಮಿಲಿಮೀಟರಿಗೆ ಬಂದು ನಿಂತು, ಈ ಹೊತ್ತಿನಲ್ಲಿ ಈ ಎಲೆಕ್ಟ್ರೋಡಿನಲ್ಲಿ ಎಷ್ಟು ವೋಲ್ಟು ಬರುತ್ತಿದೆ ಅಂತ ತಾನೇ ಓದಿಕೊಳ್ಳುತ್ತೆ. 130 ಇರಬಹುದು, 134 ಇರಬಹುದು. ಆ ಸೀಳು ಮುಗಿಯುವವರೆಗೆ ಅದನ್ನು ಕಾಯುತ್ತೆ. ಮುಂದಿನ ಸೀಳಿಗೆ ಮತ್ತೆ ಇಳಿದು ಮುಟ್ಟುತ್ತೆ. ಒಂದೊಂದು ಪೀಸಿಗೂ ಒಂದೆರಡು ಸೆಕೆಂಡು ಜಾಸ್ತಿ ಹಿಡಿಯುತ್ತೆ ಅಂತ ಮಾವ ಮೊದಲ ದಿನ ಗೊಣಗಿದರು.

"ಸಾವಿರ ಪೀಸಿಗೆ ಎಷ್ಟು ಟೈಮ್ ವೇಸ್ಟು ಗೊತ್ತಾ?"

"ಗ್ರೈಂಡಿಂಗಿಗೆ ಎಷ್ಟು ಆಗಿತ್ತು ಮಾವ?" ಅಂದೆ.

ಅದರ ಲೆಕ್ಕ ಇರಲಿಲ್ಲ. ಪ್ಲೇಟಿನ ಲೆಕ್ಕ ಇತ್ತು, ಕರೆಂಟು ಬಿಲ್ಲಿನ ಲೆಕ್ಕ ಇತ್ತು, ನಾಜಲ್ಲು ಎಲೆಕ್ಟ್ರೋಡಿನ ಲೆಕ್ಕ ಇತ್ತು. ಗ್ರೈಂಡಿಂಗ್ ಹುಡುಗನ ಮೂರು ರಾತ್ರಿ 'ಇತರೆ' ಅನ್ನುವ ಕಾಲಮಿನಲ್ಲಿ ಹೋಗಿತ್ತು, ಓಟಿ ದುಡ್ಡು ಅರ್ಧ ಕೊಟ್ಟು ಅರ್ಧ ಮುಂದಿನ ತಿಂಗಳಿಗೆ ಅಂತ. ಮುಂದಿನ ತಿಂಗಳ ಬಿಲ್ಲುಗಳನ್ನು ಹೊಂದಿಸುವಾಗ ನಾನು ಮರೆಯದೆ ಕೇಳಿದ್ದಕ್ಕೆ ಮಾವ ಸ್ವಲ್ಪ ಮುಖ ಸಿಂಡರಿಸಿಕೊಂಡು ಕೊಟ್ಟರು. ಈಗ ಎಕ್ಸೆಲ್‌ನಲ್ಲಿ ಒಂದು ಕಾಲಂ ಜಾಸ್ತಿ ಆಗಿದೆ, ಬ್ಯಾಚಿಗೆ ಎಷ್ಟು ಗಂಟೆ ಗ್ರೈಂಡಿಂಗ್ ಅಂತ. ಅದು ಏರಿದರೆ ಎಲೆಕ್ಟ್ರೋಡು ಬಿಚ್ಚಿ ನೋಡ್ತಾರೆ. ಆ ಹುಡುಗ ಹೇಳಿದ್ದನ್ನು ಕೇಳಿಸಿಕೊಳ್ಳೋಕೆ ಅದನ್ನೂ ಒಂದು ಸಂಖ್ಯೆ ಮಾಡಬೇಕಾಯ್ತು ಅನ್ನೋದು ನನಗೆ ಸ್ವಲ್ಪ ಕಸಿವಿಸಿ. ಕಾಲಂ ಇಲ್ಲದೆಯೂ ಕೇಳಿಸಿಕೊಳ್ಳಬಹುದಿತ್ತು. ಆದರೆ ಕಾಲಂ ಇಲ್ಲದಾಗ ಕೇಳಿಸಿಕೊಂಡಿರಲಿಲ್ಲ ಅನ್ನೋದೂ ನಿಜವೇ.

ಮುಟ್ಟಿ ನೋಡುವ ಈ ಏರ್ಪಾಡಿಗೂ ಅದರದೇ ಉಪಾಧಿ ಇದೆ. ಪ್ಲೇಟಿನ ಮೇಲೆ ತುಕ್ಕು, ಬಣ್ಣ ದಪ್ಪಗಿದ್ದರೆ ಸಂಪರ್ಕ ಆಗೋದೇ ಇಲ್ಲ. ಟಾರ್ಚು ತಾಗಿದ ಮೇಲೂ 'ಇನ್ನೂ ತಾಗಿಲ್ಲ' ಅಂತ ಒತ್ತುತ್ತಲೇ ಹೋಗುತ್ತೆ, ಪ್ಲೇಟು ಬಗ್ಗುತ್ತೆ, ಅಲ್ಲಿಂದ ಎಣಿಸಿದ ಒಂದೂವರೆ ಮಿಲಿಮೀಟರೂ ಸುಳ್ಳಾಗುತ್ತೆ. ಮಳೆಯಲ್ಲಿ ನೆಂದ ಹಳೆ ಸ್ಟಾಕು ಬಂದ ದಿನ ಆಪರೇಟರ್ ಮಷೀನು ಆನ್ ಮಾಡಲ್ಲ. ವೈರ್ ಬ್ರಷ್ ತಗೊಂಡು, ಎಲ್ಲೆಲ್ಲಿ ಟಾರ್ಚು ಇಳಿಯುತ್ತೋ ಅಲ್ಲೆಲ್ಲ ಬಗ್ಗಿ ಉಜ್ಜುತ್ತಾರೆ. ಸೂಪರ್‌ವೈಸರ್ ಹುಡುಗ ಸೀಮೆಸುಣ್ಣದಲ್ಲಿ ಆ ಜಾಗಗಳಿಗೆ ಗುರುತು ಹಾಕಿಕೊಡ್ತಾನೆ.